ಮಲ್ಲಾಜಮ್ಮನ ಥೂ

ನಮ್ಮ ದೊಡ್ಡಮ್ಮ ಮಲ್ಲಾಜಮ್ಮನಿಗೆ ಸಿನಿಮಾ ಅಂದರೆ ಪ್ರಾಣ. ಆದರೆ ನೋಡಿದ ಸಿನಿಮಾಗಳಲ್ಲಿ ಮುಕ್ಕಾಲು ಪಾಲಿಗೆ ಉಗಿಯದೆ ಅವಳು ಮನೆಗೆ ಬಂದವಳಲ್ಲ. ಪಿರಿಯಾಪಟ್ಟಣದ ಟಾಕೀಸಿಗೆ ಹೊಸ ಪಿಚ್ಚರ್ ಬಂತೆಂದರೆ ರಾವಂದೂರಿನ ಹೆಂಗಸರು ಮೊದಲು ಕೇಳುತ್ತಿದ್ದುದು ಹೀರೋ ಯಾರು ಅಂತಲ್ಲ, ಮಲ್ಲಾಜಮ್ಮ ಏನಂದಳು ಅಂತ. ಅವಳ ಅಭಿಪ್ರಾಯ ಬಹಳ ಉದ್ದವಿರುತ್ತಿರಲಿಲ್ಲ. ತುಟಿಯಂಚಿನಲ್ಲಿ 'ತೂ' ಅಂದರೆ ಕಥೆ ಸುಮಾರು, ಹಾಡಿಗಾಗಿ ಹೋಗಿ ಬರಬಹುದು. ಬಾಯಿ ತುಂಬ 'ಥೂ' ಅಂದರೆ ಬಸ್ ಚಾರ್ಜೂ ದಂಡ. ಎಲೆಅಡಿಕೆಯ ಬಾಯಿಂದ ನಿಜವಾಗಿಯೇ ಕೆಂಪಗೆ ಉಗಿದು ಸೆರಗಿನಿಂದ ಬಾಯಿ ಒರೆಸಿಕೊಂಡಳೆಂದರೆ ಆ ಸಿನಿಮಾ ತೆಗೆದವನ ಮನೆ ಹಾಳಾಗಲಿ ಅಂತ ಅರ್ಥ. ಆಟ ಬಿಟ್ಟ ಮೇಲೆ ಟಾಕೀಸಿನ ಗೇಟಿನವನು ಕೂಡ ಅವಳ ಬಾಯನ್ನೇ ನೋಡುತ್ತಿದ್ದ.

ನಾನು ಬೃಂದಾ, ಅವಳ ತಂಗಿಯ ಮಗಳು. ರಾವಂದೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಟೈಲರ್ ಅಂಗಡಿ ಇದೆ. ರವಿಕೆ ಅಳತೆ ಕೊಡಲು ಬಂದ ಹೆಂಗಸರ ಬಾಯಲ್ಲಿ ಬರದ ಸಮಾಚಾರ ಈ ಹೋಬಳಿಯಲ್ಲಿಲ್ಲ. ಪಕ್ಕದಲ್ಲೇ ಟೀ ಅಂಗಡಿ, ಅಲ್ಲಿ ಬೆಂಚು ಸವೆಸುವ ಗಂಡಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಊರಿನವರು ಹೇಳುತ್ತಾರೆ. ಇರಲಿ. ಈ ಜನರ ಮಧ್ಯೆ ಅದು ಬೇರೆ ಎಲ್ಲಿರಬೇಕಿತ್ತೋ ನನಗೆ ಗೊತ್ತಿಲ್ಲ.

ದೊಡ್ಡಮ್ಮ ಹುಟ್ಟಿದ್ದು ಚುಂಚನಕಟ್ಟೆಯಲ್ಲಿ, ಕಾವೇರಿ ನೀರು ಕುಡಿದ ಭತ್ತದ ಗದ್ದೆಗಳ ನಡುವೆ. ಮದುವೆಯಾಗಿ ಬಂದದ್ದು ರಾವಂದೂರಿನ ಹೊಗೆಸೊಪ್ಪಿನ ಹೊಲಕ್ಕೆ. ಗಂಡ ಸಣ್ಣಬೀರಯ್ಯ ಒಳ್ಳೆಯವನು. ಕುಡಿಯಲಿಲ್ಲ, ಹೊಡೆಯಲಿಲ್ಲ, ಹೆಂಡತಿಗೆ ಸಿನಿಮಾ ಹುಚ್ಚು ಅಂತ ಗೊತ್ತಾದ ಮೇಲೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾನೇ ಕರೆದುಕೊಂಡು ಹೋಗುತ್ತಿದ್ದ. ಅವನಿಗೆ ಸಿನಿಮಾ ಬೇಕಿರಲಿಲ್ಲ, ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದ. ಇದ್ದೊಬ್ಬ ಮಗಳನ್ನು ಹುಣಸೂರಿಗೆ ಮದುವೆ ಮಾಡಿ ಕೊಟ್ಟು, ಮುಂದಿನ ವರ್ಷವೇ ಮಲಗಿದ್ದ ಕಡೆಯೇ ತೀರಿಹೋದ. ಅವನ ವಿಷಯ ಬಂದಾಗಲೆಲ್ಲ ದೊಡ್ಡಮ್ಮನ ಧ್ವನಿ ಮೆತ್ತಗಾಗುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರುವ ಮಾತಿಗೆ ಇದು ಬೇಕು.

ಅವಳ ಹೊಲದ ಬದುವಿಗೆ ಅಂಟಿಕೊಂಡಿದ್ದುದು ಸುನಂದಮ್ಮನ ಹೊಲ. ಸುನಂದಮ್ಮ ಹೆಗ್ಗಡದೇವನಕೋಟೆ ಕಡೆಯವಳು, ಬೀಚನಹಳ್ಳಿಯ ಡ್ಯಾಮಿನ ಹತ್ತಿರದ ಊರು. ಹುಡುಗಿಯಾಗಿದ್ದಾಗ ತಾಯಿಯ ಜೊತೆ ವಯನಾಡಿಗೆ ಮೆಣಸು ಬಿಡಿಸಲು ಹೋಗುತ್ತಿದ್ದುದರಿಂದ ಮಲಯಾಳ ಚೆನ್ನಾಗಿ ಬರುತ್ತಿತ್ತು. ಗಂಡ ಅಂಕಯ್ಯ ಸಣ್ಣ ವಯಸ್ಸಿಗೇ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಮೈದುನ ನಂಜಣ್ಣ, ಅವನ ಹೆಂಡತಿ ಮಾಯಮ್ಮ ಇದ್ದ ಮನೆಯಲ್ಲೇ ಒಂದು ಕೋಣೆ ಇಟ್ಟುಕೊಂಡು ತನ್ನ ಪಾಲಿನ ಹೊಲ ತಾನು ಮಾಡುತ್ತಿದ್ದಳು. ನಾನು ಅವಳನ್ನು ಚಿಕ್ಕವ್ವ ಅನ್ನುತ್ತಿದ್ದೆ. ಹಾಗನ್ನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮನ ಪಕ್ಕದಲ್ಲಿ ಯಾವಾಗಲೂ ಇರುವವಳು ಚಿಕ್ಕವ್ವನಲ್ಲದೆ ಇನ್ನೇನು?

ಇವರಿಬ್ಬರೂ ಮುಯ್ಯಾಳುಗಳು. ಇವತ್ತು ನೀನು ನನ್ನ ಹೊಲದಲ್ಲಿ ದುಡಿ, ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯುತ್ತೇನೆ, ಕೂಲಿಯ ಮಾತಿಲ್ಲ. ಎಲ್ಲರ ಮನೆಯಲ್ಲೂ ಮುಯ್ಯಿ ನಡೆಯುತ್ತದೆ. ಆದರೆ ಮುಯ್ಯಿಗೊಂದು ಮರ್ಯಾದೆ ಇದೆ, ಅದನ್ನು ಯಾರೂ ಪೂರ್ತಿ ತೀರಿಸುವುದಿಲ್ಲ. ಒಂದು ದಿನದ ಕೆಲಸವನ್ನು ಬೇಕೆಂದೇ ಬಾಕಿ ಉಳಿಸಿಕೊಳ್ಳುತ್ತಾರೆ. ತೀರಿಸಿಬಿಟ್ಟರೆ ಇನ್ನು ನಿನ್ನ ಹಂಗು ನನಗೆ ಬೇಡ ಅಂತ ಹೇಳಿದ ಹಾಗೆ. ದೊಡ್ಡಮ್ಮ, ಚಿಕ್ಕವ್ವ ವರ್ಷಗಟ್ಟಲೆ ಆ ಒಂದು ದಿನವನ್ನು ಆಕಡೆ ಈಕಡೆ ದಾಟಿಸಿಕೊಂಡು ಬಂದಿದ್ದರು.

ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟುವಾಗ ಕೈಗೆ ಕಪ್ಪನೆಯ ಅಂಟು ಹತ್ತುತ್ತದೆ. ಸೋಪು ಹಾಕಿ ಉಜ್ಜಿದರೂ ಬಿಡುವುದಿಲ್ಲ, ಆ ಕೈಯಲ್ಲಿ ಉಂಡರೆ ಅನ್ನವೆಲ್ಲ ಕಹಿ. ಹಾಗಾಗಿ ಕಟ್ಟುವ ದಿನ ಇಬ್ಬರಲ್ಲಿ ಒಬ್ಬಳು ಅಡುಗೆ ಕೆಲಸಕ್ಕೆ ನಿಲ್ಲುತ್ತಿದ್ದಳು, ಕೈ ಅಂಟಾದವಳ ಬಾಯಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಇಡುತ್ತಿದ್ದಳು. ಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಲ್ಲಿ ಕೂತು ಹಾಗೆ ತಿನ್ನಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಗಂಡ ಮದುವೆಯಾದ ಹೊಸದರಲ್ಲೂ ನನಗೆ ಒಂದು ತುತ್ತು ಕೊಟ್ಟವನಲ್ಲ. ನಾನು ಮಾತು ನುಂಗುವವಳಲ್ಲ, ನೇರವಾಗಿ ಹೇಳುತ್ತೇನೆ, ಅವರದು ಪ್ರೀತಿ. ಊರಿಗೂ ಅದು ಗೊತ್ತಿತ್ತು. ಊರು ಅದಕ್ಕೆ ಮುಯ್ಯಾಳು ಅನ್ನುತ್ತಿತ್ತು, ಆ ಹೆಸರು ಸಾಕಾಗಿತ್ತು, ಯಾರೂ ಕೆದಕಿರಲಿಲ್ಲ.

ಇಂಥ ಹೆಂಗಸಿಗೆ ಸಿನಿಮಾದವರು ತೋರಿಸುತ್ತಿದ್ದುದನ್ನು ನೋಡಿದರೆ ಅಸಹ್ಯ ಬಾರದೆ ಇನ್ನೇನು ಬಂದೀತು?

ಒಂದು ಪಿಚ್ಚರಿನಲ್ಲಿ ಇಬ್ಬರು ಗಂಡಸರು, ಒಬ್ಬರಿಗೊಬ್ಬರು ಜೀವ ಬಿಡುವವರು. ಅದರಲ್ಲಿ ಒಬ್ಬನಿಗೆ ಸೊಂಟ ಕುಣಿಸುವುದು, ಕಣ್ಣು ಹೊಡೆಯುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಟಾಕೀಸು ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಮಾತ್ರ ಅರ್ಧದಲ್ಲೇ ಎದ್ದು ಬಂದು ಗೋಡೆಗೆ ಕೆಂಪಗೆ ಉಗಿದಳು. ಚುಂಚನಕಟ್ಟೆಯಲ್ಲಿದ್ದ ಅವಳ ಸೋದರಮಾವ ತಿಮ್ಮಯ್ಯ ಮದುವೆಯಾಗಲಿಲ್ಲ. ಸಾಯುವ ತನಕ ಒಬ್ಬ ಗೆಳೆಯನ ಜೊತೆ ಒಂದೇ ಜೊತೆ ಎತ್ತು ಕಟ್ಟಿಕೊಂಡು, ಒಂದೇ ಗದ್ದೆ ಮಾಡಿಕೊಂಡಿದ್ದವನು. ಅವನ ಬೈಗುಳಕ್ಕೆ ಊರಿನ ನಾಯಿಗಳೂ ಬಾಲ ಮುದುಡುತ್ತಿದ್ದವಂತೆ. ಅವನ ಸೊಂಟ ಕುಣಿದದ್ದನ್ನು ಯಾರು ನೋಡಿದ್ದರು ಅಂತ ದೊಡ್ಡಮ್ಮನ ಪ್ರಶ್ನೆ. ಇನ್ನೊಂದು ಪಿಚ್ಚರಿನಲ್ಲಿ ಅಂಥವನೊಬ್ಬ ಕೊನೆಗೆ ಬುದ್ಧಿ ಬಂತು ಅಂತ ಅತ್ತು, ಹೀರೋಯಿನ್ನಿನ ತಂಗಿಗೆ ತಾಳಿ ಕಟ್ಟಿದ. ಅದನ್ನು ನೋಡಿ ಬಂದ ದೊಡ್ಡಮ್ಮ ಎರಡು ದಿನ ಆ ಹುಡುಗಿಯ ಗತಿ ನೆನೆದು ಶಾಪ ಹಾಕಿದಳು.

ಸಣ್ಣ ಊರಿನ ಸಿನಿಮಾ ಅಂದರೆ ಇನ್ನೂ ಮೈ ಉರಿ. ಸಿನಿಮಾದವರ ಸಣ್ಣ ಊರಿನಲ್ಲಿ ಒಂದು ರೈಲ್ವೆ ಸ್ಟೇಷನ್ನು, ಒಂದು ಬೆಂಚು, ಒಂದು ಮುದಿ ನಾಯಿ. ಕಿಟಕಿಯಲ್ಲಿ ಒಬ್ಬಳು ಹುಡುಗಿ ಗಲ್ಲಕ್ಕೆ ಕೈಯಿಟ್ಟುಕೊಂಡು ಹೋಗುವ ರೈಲು ನೋಡಿ ನಿಟ್ಟುಸಿರು ಬಿಡುತ್ತಾಳೆ. ನಮ್ಮೂರಿಗೆ ರೈಲೇ ಇಲ್ಲ, ನಾವು ಏನು ನೋಡಿಕೊಂಡು ಆಸೆ ಪಡಬೇಕು ಅಂತ ದೊಡ್ಡಮ್ಮ ಕೇಳುತ್ತಿದ್ದಳು. ಆಸೆ ಇರುವವರಿಗೆ ಕಿಟಕಿ ಹತ್ತಿರ ನಿಲ್ಲಲು ಪುರುಸೊತ್ತೆಲ್ಲಿ, ಆಸೆ ಇರುವುದೇ ಬದುವಿನ ಆಚೆ ಹೊಲದಲ್ಲಿ, ನಡೆದುಕೊಂಡು ಹೋದರಾಯಿತು ಅನ್ನುತ್ತಿದ್ದಳು. ಆಗ ಚಿಕ್ಕವ್ವ ತಲೆ ತಗ್ಗಿಸಿ ಸೊಪ್ಪಿನ ಕಟ್ಟು ಬಿಗಿಯುತ್ತಿದ್ದಳು.

ಎರಡು ಸಾವಿರನೇ ಇಸವಿ, ಶ್ರಾವಣ. ಹೊಗೆಸೊಪ್ಪು ಬಲಿತು ಬ್ಯಾರನ್ನುಗಳಿಗೆ ಬೆಂಕಿ ಬಿದ್ದಿದ್ದ ಕಾಲ. ಪಿರಿಯಾಪಟ್ಟಣದ ಟಾಕೀಸಿಗೆ ಒಂದು ಮಲಯಾಳ ಪಿಚ್ಚರ್ ಬಂತು. ಪೋಸ್ಟರಿನಲ್ಲಿ ಇಬ್ಬರು ಹೆಂಗಸರು, ಬರೀ ಭುಜ, ಮೇಲೆ ಕೆಂಪಗೆ ದೊಡ್ಡ 'ಎ'. ಇಬ್ಬರು ಹೆಂಗಸರ ಪ್ರೀತಿಯ ಕಥೆಯಂತೆ ಅಂತ ಸುದ್ದಿಯಾಗಿ, ನಮ್ಮ ಟೀ ಅಂಗಡಿಯ ಬೆಂಚು ಒಂದೇ ಮಧ್ಯಾಹ್ನಕ್ಕೆ ಖಾಲಿಯಾಯಿತು. ಮೊದಲ ಬಸ್ಸಿಗೆ ಹೊರಟವನು ಕನಕರಾಜು. ವೀಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಅವನು ಸಿನಿಮಾ ತಿಳಿದವನು ತಾನೊಬ್ಬನೇ ಅಂದುಕೊಂಡಿದ್ದ. ಜನ ತನ್ನನ್ನು ಕೇಳದೆ ಮಲ್ಲಾಜಮ್ಮನನ್ನು ಕೇಳುತ್ತಾರೆಂದು ಅವನಿಗೆ ಒಳಗೇ ಕುದಿ.

ದೊಡ್ಡಮ್ಮ ನನ್ನ ಅಂಗಡಿಗೆ ಬಂದು ಬಾಗಿಲು ಹಾಕು, ಆ ಪಿಚ್ಚರಿಗೆ ಹೋಗೋಣ ಅಂದಳು. ಹಿಂದೆ ಚಿಕ್ಕವ್ವ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಮಾತು ತಿಳಿಸಿಕೊಡಲು ಅವಳು ಬೇಕು, ಜೊತೆಗೆ ಇನ್ನೊಬ್ಬಳಿರಲಿ ಅಂತ ನಾನು. ಹೊಲಿಯಲು ರಾಶಿ ಬಟ್ಟೆ ಬಿದ್ದಿತ್ತು, ಆದರೂ ಹೋದೆ. ಗೇಟಿನವನು ಟಿಕೆಟ್ ಹಿಡಿದುಕೊಂಡು ತಲೆ ಕೆರೆದ. ಇದು ಲೇಡೀಸ್ ನೋಡುವಂಥ ಪಿಚ್ಚರಲ್ಲ, ವಾಪಸ್ ಹೋಗಿ ಅಂದ.

"ಪಿಚ್ಚರ್ ತುಂಬ ಲೇಡೀಸೇ ಅವ್ರಂತಲ್ಲಪ್ಪ," ಅಂದಳು ದೊಡ್ಡಮ್ಮ. "ನೋಡಾಕೆ ಮಾತ್ರ ನಾವು ಬ್ಯಾಡ್ವಾ?"

ಅವನು ಟಿಕೆಟ್ ಹರಿದುಕೊಟ್ಟು ಒಳಗೆ ಬಿಟ್ಟ.

ಒಳಗೆ ಬೀಡಿ ಹೊಗೆ, ಸಿಳ್ಳೆ, ಕಾಲ ಕೆಳಗೆ ಕಡಲೆಕಾಯಿ ಸಿಪ್ಪೆ. ನೂರಾರು ಗಂಡಸರು ತಿರುಗಿ ನಮ್ಮನ್ನು ನೋಡಿದರು. ಆ ನೋಟ ಈಗ ನೆನೆದರೂ ನನಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ. ಕಥೆ ಹಿನ್ನೀರಿನ ದಡದ ಒಂದು ಸಣ್ಣ ಊರಿನದು. ಇಬ್ಬರು ಹೆಂಗಸರು ಅಕ್ಕಪಕ್ಕದ ಮನೆಯವರು, ತೆಂಗಿನ ನಾರಿನ ಹಗ್ಗ ಹೊಸೆಯುವವರು. ಒಬ್ಬಳ ಗಂಡ ಕುಡುಕ, ದಿನಾ ಹೊಡೆತ. ಇನ್ನೊಬ್ಬಳ ಗಂಡ ದುಬೈಗೆ ಹೋದವನು ತಿರುಗಿ ನೋಡಿಲ್ಲ. ಹಾಗಾಗಿ ಇವರಿಬ್ಬರೂ ಹತ್ತಿರವಾಗುತ್ತಾರೆ. ಆದರೆ ಹಗ್ಗ ಹೊಸೆದದ್ದು ಒಂದೇ ಸಲ, ಮಿಕ್ಕ ಹೊತ್ತೆಲ್ಲ ಕಿಟಕಿಯ ಹತ್ತಿರ ನಿಂತು ಮಳೆ ನೋಡಿದರು. ಪೋಸ್ಟರಿನಲ್ಲಿ ಇದ್ದದ್ದು ಪಿಚ್ಚರಿನಲ್ಲಿ ಇರಲೇ ಇಲ್ಲ. ಅದು ಗೊತ್ತಾದ ಮೇಲೆ ಗಂಡಸರು ದುಡ್ಡು ವಾಪಸ್ ಕೊಡಿ ಅಂತ ಕೂಗತೊಡಗಿದರು, ಕುರ್ಚಿ ಒದ್ದರು. ಅಸಹ್ಯ ನೋಡಲು ಬಂದು, ಅದು ಸಿಗಲಿಲ್ಲವೆಂದು ರೇಗಿದ ಜನ. ಅವರಲ್ಲಿ ನಾಲ್ಕೈದು ಮಂದಿಯ ಹೆಂಡತಿಯರ ಅಳತೆ ನನ್ನ ಹತ್ತಿರವಿದೆ, ಹೆಸರು ಹೇಳುವುದಿಲ್ಲ.

ಚಿಕ್ಕವ್ವ ದೊಡ್ಡಮ್ಮನ ಕಿವಿಗೆ ಬಾಯಿಟ್ಟು ಒಂದೊಂದೇ ಮಾತು ತಿಳಿಸುತ್ತಿದ್ದಳು. ಕೊನೆಗೆ ದೋಣಿ ಬಂತು. ಒಬ್ಬಳನ್ನು ಗಂಡನ ಅಣ್ಣಂದಿರು ಕರೆದುಕೊಂಡು ಹೋಗುತ್ತಿದ್ದಾರೆ. ಇನ್ನೊಬ್ಬಳು ದಡದ ಮೆಟ್ಟಿಲ ಮೇಲೆ ನಿಂತು ಏನೋ ಅಂದಳು. ಸಿಳ್ಳೆಯಲ್ಲಿ ಅದು ಕೇಳಿಸಲಿಲ್ಲ. ದೊಡ್ಡಮ್ಮ ಏನಂದಳು ಅಂತ ಮೊಣಕೈಯಿಂದ ತಿವಿದಳು, ಚಿಕ್ಕವ್ವ ಹೇಳಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ದೋಣಿ ಮರೆಯಾದ ಮೇಲೆ ಮೆಟ್ಟಿಲ ಮೇಲಿದ್ದವಳು ನೀರಿಗಿಳಿದಳು. ಅಲ್ಲಿಗೆ ಮುಗಿಯಿತು.

ರಾವಂದೂರಿನಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಬಸ್ಸಿನ ಹಿಂದಿನ ಬಾಗಿಲಿನಿಂದ ಕನಕರಾಜುವೂ ಅವನ ಪಟಾಲಮ್ಮೂ ಇಳಿದರು. ಟೀ ಅಂಗಡಿಯ ಮುಂದೆ ಜನ ಕಾಯುತ್ತಿದ್ದರು, ಎಂದಿನಂತೆ ತೀರ್ಪು ಕೇಳಲು. ಕನಕರಾಜು ಎಲ್ಲರಿಗೂ ಕೇಳುವಂತೆ ಧ್ವನಿ ಏರಿಸಿದ.

"ಎಂಗಿತ್ತು ಮಲ್ಲಾಜಮ್ಮ, ನಿಮ್ದೇ ಕಥೆ ತೆಗ್ದವ್ರಂತಲ್ಲ? ಡಬಲ್ ಹೀರೋಯಿನ್ನು."

ಹಾಗಂದು ದೊಡ್ಡಮ್ಮನಿಂದ ಚಿಕ್ಕವ್ವನ ಕಡೆಗೆ, ಚಿಕ್ಕವ್ವನಿಂದ ದೊಡ್ಡಮ್ಮನ ಕಡೆಗೆ ಕಣ್ಣು ಹೊರಳಿಸಿ ಹಲ್ಲು ಕಿರಿದ. ಬೆಂಚಿನವರು ನಕ್ಕರು. ವರ್ಷಗಟ್ಟಲೆ ಯಾರೂ ಕೆದಕದೇ ಇದ್ದದ್ದನ್ನು ಆ ಮುಠ್ಠಾಳ ಒಂದು ಮಾತಿನಲ್ಲಿ ಬೀದಿಗೆ ಎಳೆದ. ದೊಡ್ಡಮ್ಮ ಅವನತ್ತ ತಿರುಗಿ, ಬಾಯಲ್ಲಿದ್ದ ಎಲೆಅಡಿಕೆಯನ್ನೆಲ್ಲ ಒಟ್ಟುಗೂಡಿಸಿ, ನಾನು ಹುಟ್ಟಿದಾಗಿನಿಂದ ಕೇಳಿರದಷ್ಟು ಜೋರಾಗಿ 'ಥೂ' ಅಂತ ಉಗಿದಳು. ಉಗುಳು ಅವನ ಚಪ್ಪಲಿಯ ಮುಂದೆ ಬಿತ್ತು. ಚಿಕ್ಕವ್ವ ಅವರಿಬ್ಬರ ಮಧ್ಯೆ ನಿಂತಿದ್ದಳು. ಹಸು ಕರೆಯುವ ಹೊತ್ತಾಯಿತೆಂದು ಮೆಲ್ಲಗೆ ಹೇಳಿ ಮನೆಯ ಕಡೆ ನಡೆದಳು.

ಊರು ಆ ಥೂವನ್ನು ತನಗೆ ಬೇಕಾದ ಹಾಗೆ ಎತ್ತಿಕೊಂಡಿತು. ಇಬ್ಬರು ಹೆಂಗಸರ ಪ್ರೀತಿ ನೋಡಿ ಮಲ್ಲಾಜಮ್ಮನೇ ಉಗಿದಳಂತೆ, ಅಷ್ಟು ಅಸಹ್ಯವಂತೆ ಅಂತ ನನ್ನ ಅಂಗಡಿಯಲ್ಲೇ ಹೆಂಗಸರು ಆಡಿಕೊಂಡರು. ನಾನು ಕತ್ತರಿ ಮೇಜಿನ ಮೇಲೆ ಕುಕ್ಕಿದೆ, ಆದರೂ ಅವರ ಬಾಯಿ ನಿಲ್ಲಲಿಲ್ಲ. 'ಡಬಲ್ ಹೀರೋಯಿನ್' ಅನ್ನುವುದು ಮಾತ್ರ ಅಂಟಿಕೊಂಡಿತು. ಇಬ್ಬರಲ್ಲಿ ಯಾರೊಬ್ಬಳು ಬೀದಿಯಲ್ಲಿ ಕಂಡರೂ ಟೀ ಅಂಗಡಿಯಿಂದ ಆ ಮಾತು ತೇಲಿ ಬರುತ್ತಿತ್ತು.

ಮಾರನೆಯ ದಿನ ಚಿಕ್ಕವ್ವ ದೊಡ್ಡಮ್ಮನ ಹೊಲಕ್ಕೆ ಬರಬೇಕಿತ್ತು, ಅವಳದೇ ಬಾಕಿ. ಅವಳು ಬರಲಿಲ್ಲ, ಮರಮ್ಮನನ್ನು ಕಳಿಸಿದ್ದಳು. ಮರಮ್ಮ ಕೂಲಿ ಹೆಂಗಸು, ಪಾಪ, ಅವಳಿಗೇನು ಗೊತ್ತು? ಸುನಂದಮ್ಮ ಕೂಲಿ ಕೊಟ್ಟವ್ಳೆ, ಇಲ್ಲಿಗೆ ಮುಯ್ಯಿ ತೀರ್ತು ಅಂತ ಹೇಳು ಅಂದ್ಲು ಅಂತ ಹೇಳಿ ಸೊಪ್ಪು ಕಟ್ಟಲು ಕೂತಳು. ಆ ದಿನ ಮಧ್ಯಾಹ್ನ ದೊಡ್ಡಮ್ಮ ಊಟ ಮಾಡಲಿಲ್ಲವಂತೆ. ಕೈ ಕಹಿ ಅಂದಳಂತೆ.

ಊರಿನ ಮಾತಿಗೆ ಹೆದರಿ ಸುನಂದಿ ನನ್ನನ್ನು ಬಿಟ್ಟಳು ಅಂತ ದೊಡ್ಡಮ್ಮನ ಲೆಕ್ಕ. ಹೋಗಿ ಕೇಳು ಅಂದರೆ, ಮುಯ್ಯಿ ತೀರಿಸಿದವಳ ಹೊಸ್ತಿಲು ತುಳಿಯಲು ನನಗೇನು ನಾಚಿಕೆ ಇಲ್ಲವಾ ಅಂದಳು. ಹಠಕ್ಕೆ ಬಿದ್ದರೆ ಅವಳು ಕೋಣ. ಹೀಗೇ ಎರಡು ವಾರ ಕಳೆಯಿತು. ಬದುವಿನ ಆಕಡೆ ಒಬ್ಬಳು, ಈಕಡೆ ಒಬ್ಬಳು, ಬೆನ್ನು ಹಾಕಿಕೊಂಡು ಸೊಪ್ಪು ಮುರಿದರು. ಸಿನಿಮಾ ಬದಲಾಯಿತು, ಹೊಸ ಪಿಚ್ಚರ್ ಬಂತು, ದೊಡ್ಡಮ್ಮ ಹೋಗಲಿಲ್ಲ.

ಆಮೇಲೊಂದು ದಿನ ಚಿಕ್ಕವ್ವ ನನ್ನ ಅಂಗಡಿಗೆ ಬಂದಳು, ಹೊಸ ರವಿಕೆ ಬಟ್ಟೆ ಹಿಡಿದು. ಬೇಗ ಹೊಲಿದುಕೊಡು, ಬೀಚನಹಳ್ಳಿ ಕಡೆ ಅಣ್ಣನ ಮನೆಗೆ ಹೋಗುತ್ತಿದ್ದೇನೆ ಅಂದಳು. ಎಷ್ಟು ದಿನಕ್ಕೆ ಅಂದರೆ, ಅಲ್ಲೇ ಇರುತ್ತೇನೆ ಅಂದಳು. ಹೊಲವನ್ನು ಮೈದುನ ನಂಜಣ್ಣ ನೋಡಿಕೊಳ್ಳುತ್ತಾನಂತೆ. ನೋಡಿಕೊಳ್ಳದೆ ಏನು, ನಾಲಿಗೆ ಚಾಚಿಕೊಂಡೇ ಕಾಯುತ್ತಿದ್ದನಲ್ಲ. ಮನೆ ಮರ್ಯಾದೆ ಹೋಗುತ್ತಿದೆ ಅಂತ ದಿನಾ ಕಿವಿ ಕಚ್ಚುತ್ತಿದ್ದವನೂ ಅವನೇ. ಊರಿನವರ ಮಾತಿಗೆಲ್ಲ ಊರು ಬಿಡುವುದಾದರೆ ನಾವೆಲ್ಲ ಎಂದೋ ಬಿಡಬೇಕಿತ್ತು ಚಿಕ್ಕವ್ವ ಅಂತ ನಾನು ರೇಗಿದೆ. ಅವಳು ಟೇಪಿನ ಕೆಳಗೆ ಕೈ ಎತ್ತಿಕೊಂಡು ನಿಂತಿದ್ದವಳು ಹಾಗೇ ಅತ್ತಳು.

"ಊರ್ನೋರು ಅಂದ್ರೆ ಅನ್ಲಿ ಬುಡವ್ವ. ನಿಮ್ಮ ದೊಡ್ಡಮ್ಮನೇ ಥೂ ಅಂದ್ಲಲ್ಲ. ನನ್ ಕಡೀಕೇ ನೋಡ್ಕಂಡು ಅಂದ್ಲು."

ಆ ಥೂ ಕನಕರಾಜುವಿಗೆ ಬಿದ್ದದ್ದು ಚಿಕ್ಕವ್ವ, ನಿನಗಲ್ಲ ಅಂತ ಎಷ್ಟು ಹೇಳಿದರೂ ಅವಳು ತಲೆಯಾಡಿಸಿದಳು. ಅಕ್ಕ ಪಿಚ್ಚರಿಗೂ ಉಗಿದಳು, ಪಿಚ್ಚರಿನಲ್ಲಿ ಇದ್ದವರು ನಾವೇ ಅಲ್ಲವಾ, ನಾವೂ ಅಷ್ಟೇ ಅಸಹ್ಯವಾಗಿ ಕಾಣುತ್ತೇವೇನೋ ಅಂತ ಅವಳಿಗೆ ಅನ್ನಿಸಿರಬೇಕು, ನನಗೂ ಅನ್ನಿಸಿತು ಅಂದಳು. ಅದನ್ನು ಕೇಳಿ ನನಗೆ ಆ ಸಿನಿಮಾದವನ ಮೇಲೆ, ಪೋಸ್ಟರಿನವನ ಮೇಲೆ, ಕನಕರಾಜುವಿನ ಹಲ್ಲಿನ ಮೇಲೆ ಒಟ್ಟಿಗೇ ಹೇಸಿಗೆ ಹುಟ್ಟಿತು.

ಅಂಗಡಿಗೆ ಬೀಗ ಜಡಿದು ನೇರ ದೊಡ್ಡಮ್ಮನ ಹೊಲಕ್ಕೆ ಹೋದೆ. ಹೇಳಿದ್ದನ್ನು ಕೇಳಿ ಅವಳು ಬದುವಿನ ಮೇಲೆ ಕೂತುಬಿಟ್ಟಳು. ಆಮೇಲೆ ಆ ಪಿಚ್ಚರಿನ ಪೂರ್ತಿ ಅಭಿಪ್ರಾಯ ಹೇಳಿದಳು. ಅಷ್ಟು ಉದ್ದದ ಅಭಿಪ್ರಾಯ ಅವಳು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಗಂಡ ಹೊಡೆದ ಅಂತ, ಗಂಡ ಬಿಟ್ಟುಹೋದ ಅಂತ ಆ ಹೆಂಗಸರು ಹತ್ತಿರವಾದರಂತೆ, ಅಲ್ಲೇ ತನಗೆ ಹೇಸಿಗೆಯಾಗಿದ್ದು ಅಂದಳು.

"ನನ್ ಗಂಡ ಚಿನ್ನ ಕಣವ್ವ. ಅವನು ಕೆಟ್ಟೋನು ಅಂತ ನಾನು ಸುನಂದಿನ ಮೆಚ್ಕಂಡ್ನಾ? ಅವನು ಇದ್ದಾಗ್ಲೂ ಮೆಚ್ಚಿದ್ದೆ."

ಅವಳು ಆಕಡೆ ಹೊಲದಲ್ಲಿ ಯಾರೂ ಇಲ್ಲದ್ದನ್ನು ನೋಡುತ್ತಾ ಮುಂದುವರಿಸಿದಳು. ಪ್ರೀತಿ ಮಾಡುವ ಹೆಂಗಸರು ಒಂದು ದಿನವಾದರೂ ಕೆಲಸ ಮಾಡಿದ್ದು ತೋರಿಸಿದರಾ, ಒಬ್ಬಳಿಗೊಬ್ಬಳು ಒಂದು ತುತ್ತು ಹಾಕಿದ್ದು ತೋರಿಸಿದರಾ? ಬರೀ ಕಿಟಕಿ, ಬರೀ ಮಳೆ. ಕೊನೆಗೆ ಒಬ್ಬಳನ್ನು ನೀರಿಗೆ ಹಾಕಬೇಕು, ಇಲ್ಲದಿದ್ದರೆ ಸಿನಿಮಾದವರಿಗೆ ಉಂಡ ಅನ್ನ ಅರಗುವುದಿಲ್ಲ. ನಾನು ಉಗಿದದ್ದು ಅದಕ್ಕೂ, ಆ ಹಲ್ಲುಗಿರುಕ ಕನಕರಾಜುವಿಗೂ ಅಂದಳು. ಎರಡೂ ಒಟ್ಟಿಗೇ ಬಾಯಿಗೆ ಬಂದವು, ಒಂದೇ ಸಲ ಉಗಿದೆ, ಇವಳು ಮಧ್ಯೆ ನಿಂತಿದ್ದು ಕಾಣಲಿಲ್ಲ ಅಂದಳು. ಇದನ್ನೆಲ್ಲ ಚಿಕ್ಕವ್ವನಿಗೇ ಹೇಳು ಅಂದೆ. ಮಾತಿಗೆ ಅವಳು ನಂಬುವುದಿಲ್ಲ, ಥೂ ಅಂದದ್ದನ್ನು ಥೂ ಅಂದೇ ತೆಗೆಯಬೇಕು ಅಂದಳು. ನನಗೆ ಅರ್ಥವಾಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ರವಿಕೆ ತೆಗೆದುಕೊಂಡು ನಂಜಣ್ಣನ ಮನೆಗೆ ಹೋದೆ. ಚಿಕ್ಕವ್ವ ಅದನ್ನು ತೊಟ್ಟು ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಳು, ಹೆಗ್ಗಡದೇವನಕೋಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಕೈಯಲ್ಲಿ ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ. ನಂಜಣ್ಣ ಒಳಗಿಂದ ಬಂದು ಏನಿದೆಲ್ಲ ಅಂದ. ಅವಳು ಅವನ ಕಡೆ ತಿರುಗಿಯೂ ನೋಡದೆ, ಮಗುವಿಗೆ ಮೈ ಹುಷಾರಿಲ್ಲದಾಗ ಮಾಡುವ ಹಾಗೆ, ಚಿಕ್ಕವ್ವನನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದಳು. ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದವರು ನಿಂತರು. ಮಾಯಮ್ಮ ಬಾಗಿಲಿಗೆ ಬಂದಳು.

ದೊಡ್ಡಮ್ಮ ಆ ಹಿಡಿಯನ್ನು ಚಿಕ್ಕವ್ವನ ತಲೆಯಿಂದ ಕಾಲಿನವರೆಗೆ ಇಳಿಸಿದಳು. ನಾಯಿ ಕಣ್ಣು, ನರಿ ಕಣ್ಣು ಅಂತ ಎಲ್ಲರೂ ಹೇಳುವಂತೆ ಶುರು ಮಾಡಿ, ಆಮೇಲೆ ತನ್ನದೇ ದಾರಿ ಹಿಡಿದಳು. ಟಾಕೀಸಿನ ಕಣ್ಣು, ಟೀ ಅಂಗಡಿ ಕಣ್ಣು, ಬಾಡಿಗೆ ಕ್ಯಾಸೆಟ್ಟಿನ ಕಣ್ಣು, ಮನೆಯೊಳಗಿನ ಕಣ್ಣು ಅಂದಾಗ ನಂಜಣ್ಣ ಕಂಬದ ಹಿಂದಕ್ಕೆ ಸರಿದ. ಮೆಣಸಿನಕಾಯಿಯನ್ನು ಚಿಕ್ಕವ್ವನ ಬಾಯಿಗೆ ಹಿಡಿದು ಉಗಿ ಅಂದಳು. ಚಿಕ್ಕವ್ವನ ಬಾಯಿಂದ ಸದ್ದು ಹೊರಡಲಿಲ್ಲ. ಆಗ ದೊಡ್ಡಮ್ಮ ತಾನೇ, ಮೆಲ್ಲಗೆ, 'ಥೂ' ಅಂದಳು. ಚಿಕ್ಕವ್ವ ಅವಳ ಮುಖ ನೋಡಿದಳು. ಎರಡನೆಯದನ್ನು ಇಬ್ಬರೂ ಒಟ್ಟಿಗೆ ಅಂದರು, ಮೂರನೆಯದನ್ನೂ.

ಮೆಣಸಿನಕಾಯಿಯನ್ನು ಬಚ್ಚಲ ಒಲೆಗೆ ಹಾಕಿ ಬಂದಳು. ದೃಷ್ಟಿ ಬಿದ್ದಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ನನ್ನ ಕಣ್ಣು ಉರಿಯುತ್ತಿತ್ತು, ಮಾಯಮ್ಮ ಕೆಮ್ಮಿ ಕೆಮ್ಮಿ ಬಗ್ಗಿಹೋಗಿದ್ದಳು. ದೊಡ್ಡಮ್ಮ ಮಾತ್ರ, ನೋಡಿ, ಒಂಚೂರೂ ಘಾಟಿಲ್ಲ, ಎಂಥ ಕೆಟ್ಟ ಕಣ್ಣು ಬಿದ್ದಿತ್ತು ಅಂತ ಬೀದಿಗೆಲ್ಲ ಕೇಳುವಂತೆ ಹೇಳಿ ಚಿಕ್ಕವ್ವನ ಪಕ್ಕದಲ್ಲಿ ಕೂತಳು. ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

"ಅಲ್ಲಿ ಅವಳು ಏನಂದ್ಲು?"

"ಯಾವಳಕ್ಕ?"

"ಮೆಟ್ಲ ಮ್ಯಾಲೆ ನಿಂತಿದ್ದೋಳು. ದೋಣಿ ಓಗೋವಾಗ. ನೀನು ಯೋಳ್ನಿಲ್ಲ."

ಚಿಕ್ಕವ್ವ ಬ್ಯಾಗಿನ ಹಿಡಿಯನ್ನು ತಿರುಚಿದಳು. "ಪೋಯಿಟ್ಟು ವಾ ಅಂದ್ಲು. ಓಗ್ಬುಟ್ಟು ಬಾ ಅಂತ."

"ಅಷ್ಟೇಯಾ?"

"ಅಷ್ಟೇ."

ದೊಡ್ಡಮ್ಮ ಬೀದಿಯ ಕಡೆ ಬಾಗಿ ಕೆಂಪಗೆ ಉಗಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಡೀ ಪಿಚ್ಚರ್ ಕೆಟ್ಟಿದ್ದೇ ಅಲ್ಲಿ ಕಣೆ. ಬಾಯಿ ಇರ್ನಿಲ್ವಾ ಅವಳ್ಗೆ? ಓಗ್ಬ್ಯಾಡ ಅನ್ನಾಕೆ ಏನಾಗಿತ್ತು?"

"ಅಂದಿದ್ರೆ ಅವಳು ನಿಂತ್ಕತಿದ್ಲಾ?"

"ಅಂದು ನೋಡ್ಬೇಕಿತ್ತು." ದೊಡ್ಡಮ್ಮನ ಧ್ವನಿ ಮೆತ್ತಗಾಯಿತು. ಸಣ್ಣಬೀರಯ್ಯನ ವಿಷಯಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದು ಹಾಗಾದದ್ದನ್ನು ನಾನು ಕೇಳಿರಲಿಲ್ಲ. "ಓಗ್ಬ್ಯಾಡ ಕಣೆ ಸುನಂದಿ."

ತಿರುವಿನಲ್ಲಿ ಕೋಟೆ ಬಸ್ಸಿನ ಹಾರನ್ನು ಕೇಳಿಸಿತು. ನಂಜಣ್ಣ ಬ್ಯಾಗು ಎತ್ತಿಕೊಡಲು ಬಗ್ಗಿದ. ಚಿಕ್ಕವ್ವ ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ಎದ್ದು ನಿಂತಳು. ಬಸ್ಸು ಬಂತು, ಸ್ವಲ್ಪ ನಿಂತಿತು, ಹೋಯಿತು.

"ಇವತ್ತು ಯಾರ ಸೊಪ್ಪಕ್ಕ?" ಅಂತ ಕೇಳಿದಳು ಚಿಕ್ಕವ್ವ.

"ನಂದು. ಆವತ್ತು ನೀ ಕಳಿಸಿದ್ದ ಆಳು ಲೆಕ್ಕುಕ್ಕಿಲ್ಲ. ನಿನ್ ಬಾಕಿ ಅಂಗೇ ಅದೆ."

ಚಿಕ್ಕವ್ವ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಟೀ ಅಂಗಡಿಯ ಮುಂದೆಯೇ ನಡೆದರು, ಸುತ್ತು ದಾರಿ ಹಿಡಿಯಲಿಲ್ಲ. ಬೆಂಚಿನ ಮೇಲಿದ್ದ ಕನಕರಾಜು ಬಾಯಿ ತೆರೆದ. ದೊಡ್ಡಮ್ಮನ ದವಡೆ ಇನ್ನೂ ಆಡುತ್ತಿದ್ದುದನ್ನು ನೋಡಿ ಕಾಲು ಹಿಂದಕ್ಕೆಳೆದುಕೊಂಡು ಲೋಟದೊಳಗೆ ಮುಖ ಹಾಕಿದ. ತವರಿಗೆ ಹೋಗಲೆಂದು ನಾನು ಅವಸರದಲ್ಲಿ ಹೊಲಿದ ಆ ಹೊಸ ರವಿಕೆಗೆ ಸಂಜೆಯ ಹೊತ್ತಿಗೆ ಹೊಗೆಸೊಪ್ಪಿನ ಅಂಟು ಹತ್ತಿತ್ತು. ಎಷ್ಟು ಒಗೆದರೂ ಆ ಕಲೆ ಹೋಗುವುದಿಲ್ಲ.